ಗೊಂಬೆಯಿಲ್ಲದ ಲಕೋಟೆ: ಬೇಡಿಕೆಯನ್ನು ಮೊದಲೇ ಅಳೆದ 1977ರ ಒಂದು ಪ್ರಕರಣ

1977ರ ಕ್ರಿಸ್‌ಮಸ್ ಸಮಯದಲ್ಲಿ ಅಮೆರಿಕದ ಆಟಿಕೆ ಅಂಗಡಿಗಳಿಗೆ ವಿಚಿತ್ರವಾದ ಒಂದು ಸರಕು ಬಂದಿತ್ತು. ಅದು ರಟ್ಟಿನಿಂದ ಮಾಡಿದ ಚಪ್ಪಟೆಯಾದ ದೊಡ್ಡ ಲಕೋಟೆ. ಒಳಗೆ ಆಟಿಕೆ ಇರಲಿಲ್ಲ. ಒಂದು ಪ್ರಮಾಣಪತ್ರ, ಮಡಿಸಿ ನಿಲ್ಲಿಸಬಹುದಾದ ರಟ್ಟಿನ ವೇದಿಕೆ, ಕೆಲವು ಸ್ಟಿಕ್ಕರುಗಳು ಮತ್ತು ಅಭಿಮಾನಿ ಸಂಘದ ಸದಸ್ಯತ್ವದ ಕಾರ್ಡು ಮಾತ್ರ ಇದ್ದವು. ಪ್ರಮಾಣಪತ್ರದಲ್ಲಿ ಹೆಸರು, ವಿಳಾಸ ತುಂಬಿ ಅಂಚೆಗೆ ಹಾಕಿದರೆ 1978ರ ಫೆಬ್ರವರಿ 1ರಿಂದ ಜೂನ್ 1ರೊಳಗೆ ನಾಲ್ಕು ಪುಟ್ಟ ಪ್ಲಾಸ್ಟಿಕ್ ಗೊಂಬೆಗಳು ಮನೆಗೆ ಬರುತ್ತವೆ ಎಂಬುದು ಕಂಪನಿ ಕೊಟ್ಟ ಮಾತು. ಆ ಮಾತಿಗಾಗಿ ತಂದೆತಾಯಿಗಳು ಅಂಗಡಿಯಲ್ಲಿ ಹಣ ಎಣಿಸಿ ಕೊಡಬೇಕಾಗಿತ್ತು. ಲಕೋಟೆಯನ್ನು ಹೊರತಂದ ಕಂಪನಿ ಒಹಾಯೊ ರಾಜ್ಯದ ಸಿನ್ಸಿನಾಟಿಯ ಕೆನ್ನರ್. ಗೊಂಬೆಗಳು ಆ ವರ್ಷ ಮೇ ತಿಂಗಳಲ್ಲಿ ಬಿಡುಗಡೆಯಾಗಿದ್ದ ‘ಸ್ಟಾರ್ ವಾರ್ಸ್’ ಚಿತ್ರದ ಪಾತ್ರಗಳದ್ದು.

ಸಿನಿಮಾ ನಟರ, ಕ್ರಿಕೆಟ್ ತಂಡಗಳ, ಸಂಗೀತ ತಂಡಗಳ ಅಭಿಮಾನಿಗಳಿಗಾಗಿ ಟೀ-ಶರ್ಟು, ಕೀಚೈನು, ಪೋಸ್ಟರು, ಗೊಂಬೆ ಮಾಡಿ ಮಾರುವ ವ್ಯಾಪಾರ ಶುರುಮಾಡಬೇಕೆಂದು ಯೋಚಿಸುವವರು ಈ ಪ್ರಕರಣವನ್ನು ಗಮನವಿಟ್ಟು ಓದಬೇಕು ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ಇಂಥ ವ್ಯಾಪಾರಕ್ಕೆ ಇಳಿಯುವವರು ಸಾಮಾನ್ಯವಾಗಿ ಅಭಿಮಾನಿಗಳು ಎಷ್ಟಿದ್ದಾರೆ ಎಂದು ಲೆಕ್ಕ ಹಾಕುತ್ತಾರೆ, ಆಮೇಲೆ ಅವರಲ್ಲಿ ನೂರಕ್ಕೆ ಒಬ್ಬರು ಕೊಂಡರೂ ಸಾಕು ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಮೊದಲ ದಿನದ ಮೊದಲ ಆಟದಲ್ಲಿ ಶಿಳ್ಳೆ ಹೊಡೆದವನು ಮಾರನೆಯ ದಿನ ಅಂಗಡಿಗೆ ಬಂದು ಜೇಬಿಗೆ ಕೈಹಾಕುತ್ತಾನೆ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ. ಪ್ರೀತಿಯ ಪ್ರಮಾಣವನ್ನೂ ಕೊಳ್ಳುವ ಮನಸ್ಸನ್ನೂ ಒಂದೇ ಅಳತೆಗೋಲಿನಿಂದ ಅಳೆಯಲು ಬರುವುದಿಲ್ಲ. ಕೆನ್ನರ್‌ನ ಲಕೋಟೆ, ಬೇಕೆಂದು ಮಾಡಿದ್ದೋ ಅನಿವಾರ್ಯಕ್ಕೆ ಮಾಡಿದ್ದೋ, ಅಳೆದದ್ದು ಈ ಎರಡನೆಯದನ್ನು.

ಇಲ್ಲಿ ಹಿನ್ನೆಲೆ ಸ್ವಲ್ಪ ಬೇಕಾಗುತ್ತದೆ. 1970ರ ದಶಕದ ನಡುವಿನಲ್ಲಿ ಸಿನಿಮಾ ಆಧರಿಸಿದ ಆಟಿಕೆಗಳೆಂದರೆ ಆಟಿಕೆ ತಯಾರಕರಿಗೆ ಭಯವಿತ್ತು, ಆ ಭಯಕ್ಕೆ ಕಾರಣವೂ ಇತ್ತು. ಚಿತ್ರ ಕೆಲವು ವಾರಗಳಲ್ಲಿ ಚಿತ್ರಮಂದಿರದಿಂದ ಹೊರಟುಹೋಗುತ್ತದೆ, ಆಟಿಕೆಯನ್ನು ರೂಪಿಸಿ, ಅಚ್ಚು ಕೊರೆಸಿ, ತಯಾರಿಸಿ ಅಂಗಡಿಗೆ ತಲುಪಿಸಲು ಒಂದು ವರ್ಷವೋ ಅದಕ್ಕೂ ಹೆಚ್ಚೋ ಬೇಕು. 1967ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ‘ಡಾಕ್ಟರ್ ಡೂಲಿಟ್ಲ್’ ಚಿತ್ರದ ಹೆಸರಿನಲ್ಲಿ ಅಪಾರ ಪ್ರಮಾಣದ ಸರಕಿಗೆ ಲೈಸೆನ್ಸ್ ಕೊಟ್ಟಿತ್ತು. ಚಿತ್ರ ಸೋತಿತು, ಸರಕು ಅಂಗಡಿಗಳ ಕಪಾಟಿನಲ್ಲಿ ಉಳಿಯಿತು. ಅದಕ್ಕೂ ಮೊದಲು, 1955ರಲ್ಲಿ, ಡೇವಿ ಕ್ರಾಕೆಟ್ ಎಂಬ ಗಡಿನಾಡ ವೀರನ ಕುರಿತ ಡಿಸ್ನಿ ಟಿ.ವಿ. ಧಾರಾವಾಹಿಯಿಂದ ಹುಟ್ಟಿದ ತುಪ್ಪಳದ ಟೋಪಿಯ ಹುಚ್ಚು ದೇಶವನ್ನೇ ಆವರಿಸಿ ಬಹುಬೇಗ ಇಳಿದುಹೋಗಿತ್ತು. ಒಂದರಲ್ಲಿ ಬೇಡಿಕೆ ಹುಟ್ಟಲೇ ಇಲ್ಲ, ಇನ್ನೊಂದರಲ್ಲಿ ಹುಟ್ಟಿದ ಬೇಡಿಕೆ ನಿಲ್ಲಲಿಲ್ಲ. ಅಂಗಡಿಯವರ ನೆನಪಿನಲ್ಲಿ ಈ ಎರಡೂ ಹಸಿಯಾಗಿದ್ದವು.

ಹೀಗಿರುವಾಗ ನಿರ್ದೇಶಕ ಜಾರ್ಜ್ ಲ್ಯೂಕಸ್ ತಮ್ಮ ಸಂಭಾವನೆಯನ್ನು ಹೆಚ್ಚಿಸಿಕೊಳ್ಳಲು ಹಟ ಹಿಡಿಯದೆ, ಮುಂದಿನ ಭಾಗಗಳ ಹಕ್ಕನ್ನೂ ಚಿತ್ರದ ಹೆಸರಿನ ಸರಕುಗಳ ಮೇಲಿನ ಹಕ್ಕನ್ನೂ ತಮ್ಮ ಕಡೆಗೆ ಬರೆಸಿಕೊಂಡದ್ದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆ ಹಕ್ಕನ್ನು ಕೊಳ್ಳುವವರು ಆಗ ಸುಲಭವಾಗಿ ಸಿಗಲಿಲ್ಲ. ಚಿತ್ರ ಮತ್ತು ಟಿ.ವಿ. ಪಾತ್ರಗಳ ಗೊಂಬೆಗಳಲ್ಲಿ ಆ ಕಾಲಕ್ಕೆ ಮುಂದಿದ್ದ ಮೀಗೋ ಕಂಪನಿ ಬೇಡವೆಂದಿತು. ಕೊನೆಗೆ ಒಪ್ಪಿದ್ದು ಜನರಲ್ ಮಿಲ್ಸ್ ಎಂಬ ಆಹಾರ ಕಂಪನಿಯ ಒಡೆತನದಲ್ಲಿದ್ದ ಕೆನ್ನರ್. ಅದರ ಅಧ್ಯಕ್ಷರಾಗಿದ್ದ ಬರ್ನಾರ್ಡ್ ಲೂಮಿಸ್ ಹಿಂದೆ ಆಟಿಕೆ ಕಂಪನಿಯಾದ ಮ್ಯಾಟೆಲ್‌ನಲ್ಲಿ ಪುಟಾಣಿ ಕಾರುಗಳ ವ್ಯಾಪಾರದಲ್ಲಿ ಕೆಲಸ ಮಾಡಿ ಪಳಗಿದವರು. ಕಂಪನಿಯ ವಿನ್ಯಾಸಕಾರ ಜಿಮ್ ಸ್ವಿಯರಿಂಜನ್ ಚಿತ್ರಕಥೆಯನ್ನು ಓದಿ, ಇದನ್ನು ಬಿಡಬಾರದು ಎಂದು ಒಳಗಿನಿಂದ ಒತ್ತಾಯಿಸಿದರು. ಒಪ್ಪಂದ ಆಗುವ ಹೊತ್ತಿಗೆ ಚಿತ್ರದ ಬಿಡುಗಡೆಗೆ ಸುಮಾರು ಒಂದು ತಿಂಗಳಷ್ಟೇ ಉಳಿದಿತ್ತು.

ಗೊಂಬೆಯ ಅಳತೆಯ ಬಗ್ಗೆ ಕೆನ್ನರ್ ತೆಗೆದುಕೊಂಡ ನಿರ್ಧಾರ ಈ ಕಥೆಯಲ್ಲಿ ದೊಡ್ಡದು. ಆಗಿನ ಸಾಹಸ ಗೊಂಬೆಗಳು ಎಂಟು ಅಥವಾ ಹನ್ನೆರಡು ಇಂಚು ಎತ್ತರದವು. ಆದರೆ ಈ ಚಿತ್ರದಲ್ಲಿ ಪಾತ್ರಗಳಷ್ಟೇ ಮುಖ್ಯವಾದವು ಬಾಹ್ಯಾಕಾಶ ನೌಕೆಗಳು. ಹನ್ನೆರಡು ಇಂಚಿನ ಗೊಂಬೆ ಕೂರುವಂಥ ನೌಕೆಯನ್ನು ಮಾಡಿದರೆ ಅದನ್ನು ಇಡಲು ಮನೆಯಲ್ಲಿ ಜಾಗವಿರುವುದಿಲ್ಲ, ಕೊಳ್ಳಲು ಜೇಬಿನಲ್ಲಿ ಹಣವಿರುವುದಿಲ್ಲ. ಆದ್ದರಿಂದ ಗೊಂಬೆಯನ್ನು ಮೂರೂಮುಕ್ಕಾಲು ಇಂಚಿಗೆ, ಅಂದರೆ ಸುಮಾರು ಒಂಬತ್ತೂವರೆ ಸೆಂಟಿಮೀಟರಿಗೆ ಇಳಿಸಿದರು. ಬೆಲೆ ಇಳಿಯಿತು, ಒಂದು ಮಗು ಒಂದಲ್ಲ ಹತ್ತು ಗೊಂಬೆಗಳನ್ನು ಕೂಡಿಡುವ ದಾರಿ ತೆರೆಯಿತು. ಹಾಗಿದ್ದರೂ ಪ್ಲಾಸ್ಟಿಕ್ ಗೊಂಬೆಯ ಆರ್ಥಿಕತೆಯಲ್ಲಿ ಒಂದು ಕಷ್ಟ ಹಾಗೆಯೇ ಉಳಿಯುತ್ತದೆ. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ ತುಂಬುವ ಉಕ್ಕಿನ ಅಚ್ಚುಗಳನ್ನು ಕೊರೆಸುವುದೇ ದೊಡ್ಡ ಖರ್ಚು. ಅಚ್ಚು ಸಿದ್ಧವಾದ ಮೇಲೆ ಒಂದೊಂದು ಗೊಂಬೆಗೆ ತಗಲುವುದು ಅಲ್ಪ. ಮೊದಲ ಗೊಂಬೆ ಮಾರಾಟವಾಗುವ ಮೊದಲೇ ಬಂಡವಾಳದ ಬಹುಪಾಲು ಹೋಗಿರುತ್ತದೆ ಎಂದಾದರೆ, ಬೇಡಿಕೆಯನ್ನು ಅಂದಾಜು ಮಾಡುವ ಕೆಲಸವೂ ಆ ಖರ್ಚಿಗಿಂತ ಮೊದಲೇ ಆಗಬೇಕು.

1977ರ ಮೇ 25ರಂದು ಚಿತ್ರ ಮೊದಲ ದಿನ 32 ಚಿತ್ರಮಂದಿರಗಳಲ್ಲಿ ಮಾತ್ರ ತೆರೆಕಂಡಿತು. ಸಾಲುಗಳು ಬೀದಿ ಸುತ್ತಿದವು, ವರ್ಷ ಮುಗಿಯುವ ಮೊದಲೇ ಅದು ಅಲ್ಲಿಯವರೆಗೆ ಅತಿ ಹೆಚ್ಚು ಗಳಿಸಿದ್ದ ‘ಜಾಸ್’ ಚಿತ್ರದ ಗಳಿಕೆಯನ್ನು ದಾಟಿತು. ಕೆನ್ನರ್ ಮಾತ್ರ ಇಕ್ಕಟ್ಟಿನಲ್ಲಿ ಸಿಲುಕಿತು. ಅಮೆರಿಕದಲ್ಲಿ ಆಟಿಕೆಯ ವ್ಯಾಪಾರವೆಂದರೆ ಮುಖ್ಯವಾಗಿ ಕ್ರಿಸ್‌ಮಸ್ ವ್ಯಾಪಾರ, ಆ ಕ್ರಿಸ್‌ಮಸ್‌ಗೆ ಗೊಂಬೆಗಳು ತಯಾರಾಗುವ ಸಾಧ್ಯತೆಯೇ ಇರಲಿಲ್ಲ. ಕಾಗದ ಮತ್ತು ರಟ್ಟಿನಲ್ಲಿ ಆಗುವ ಜಿಗ್‌ಸಾ ಚಿತ್ರಗಳು, ಬೋರ್ಡಿನ ಮೇಲಿನ ಆಟ, ಬಣ್ಣ ಹಚ್ಚುವ ಸೆಟ್ಟುಗಳನ್ನು ಬೇಗ ಹೊರತರಬಹುದಾಗಿತ್ತು, ತಂದರು. ಗೊಂಬೆಗೆ ಮಾತ್ರ ದಾರಿಯಿರಲಿಲ್ಲ. ಮುಂದಿನ ವರ್ಷದವರೆಗೆ ಸುಮ್ಮನಿದ್ದರೆ ಮಕ್ಕಳ ಮನಸ್ಸು ಇನ್ನೊಂದರ ಕಡೆಗೆ ಹೋಗಬಹುದು. ಆತುರಪಟ್ಟು ಏನೋ ಒಂದನ್ನು ಮಾಡಿದರೆ ಹೆಸರು ಕೆಡುತ್ತದೆ. ಆಗ ಹುಟ್ಟಿದ್ದು ಈ ಲಕೋಟೆಯ ಯೋಜನೆ. ‘ಅರ್ಲಿ ಬರ್ಡ್’ ಎಂದು ಅದಕ್ಕೆ ಹೆಸರಿಟ್ಟರು, ಡಿಸೆಂಬರ್ 31ರ ನಂತರ ಮಾರಾಟವಿಲ್ಲ ಎಂದು ಗಡುವನ್ನೂ ಹಾಕಿದರು.

ಲಕೋಟೆಯನ್ನು ಕೊಂಡ ಒಂದು ಮನೆ ಏನೇನನ್ನು ಒಪ್ಪಿಕೊಂಡಿತ್ತು ಎಂಬುದನ್ನು ಬಿಡಿಸಿ ನೋಡಬೇಕು. ಮೊದಲಿಗೆ ಹಣ ಕೊಟ್ಟಿತು. ಅದಾದ ಮೇಲೆ, ಕ್ರಿಸ್‌ಮಸ್ ಬೆಳಿಗ್ಗೆ ಉಡುಗೊರೆ ಬಿಚ್ಚಿದ ಮಗುವಿಗೆ ಆಟಿಕೆ ಸಿಗುವುದಿಲ್ಲ, ಕಾಗದ ಸಿಗುತ್ತದೆ ಎಂಬ ನಿರಾಶೆಯನ್ನು ಮುಂದಾಗಿಯೇ ನುಂಗಿಕೊಂಡಿತು. ಪ್ರಮಾಣಪತ್ರ ತುಂಬಿ ಅಂಚೆಗೆ ಹಾಕುವ ಶ್ರಮ ಪಟ್ಟಿತು. ಕೊನೆಗೆ ಒಂದರಿಂದ ಐದು ತಿಂಗಳು ಕಾಯಲು ಸಿದ್ಧವಾಯಿತು. ಇವುಗಳಲ್ಲಿ ಒಂದೊಂದೂ ಅರೆಮನಸ್ಸಿನವರನ್ನು ಸೋಸಿ ಹೊರಗೆ ಹಾಕುವ ಜರಡಿ. ‘ಇಂಥ ಗೊಂಬೆ ಬಂದರೆ ಕೊಳ್ಳುತ್ತೀರಾ’ ಎಂದು ಚಿತ್ರಮಂದಿರದ ಹೊರಗೆ ನಿಂತು ಕೇಳಿದ್ದರೆ ಹೌದೆನ್ನುವವರಿಗೆ ಏನೂ ಖರ್ಚಾಗುತ್ತಿರಲಿಲ್ಲ. ಖರ್ಚಿಲ್ಲದ ಹೌದು ಮತ್ತು ಖರ್ಚು ಮಾಡಿ ಹೇಳಿದ ಹೌದು ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಳ್ಳುವುದೇ ಹೊಸ ವ್ಯಾಪಾರಿಗಳು ಮಾಡುವ ಮುಖ್ಯ ತಪ್ಪು ಎಂದು ನನಗನ್ನಿಸುತ್ತದೆ.

ಲಕೋಟೆಯೊಳಗಿನ ರಟ್ಟಿನ ವೇದಿಕೆಯ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಏಕೆಂದರೆ ಈ ಇಡೀ ಯೋಜನೆಯಲ್ಲಿ ನಾನು ಅತ್ಯಂತ ಮೆಚ್ಚುವ ಭಾಗ ಅದು. ಅಂಚೆಯಲ್ಲಿ ಬರಲಿದ್ದ ಗೊಂಬೆಗಳು ನಾಲ್ಕು: ಲ್ಯೂಕ್ ಸ್ಕೈವಾಕರ್, ರಾಜಕುಮಾರಿ ಲೇಯಾ, ಚೂಬಾಕಾ ಮತ್ತು ಆರ್2-ಡಿ2. ವೇದಿಕೆಯ ಮೇಲೆ ಚಿತ್ರ ಬಿಡಿಸಿದ್ದು ಮಾತ್ರ ಹನ್ನೆರಡು ಪಾತ್ರಗಳದ್ದು. ನಾಲ್ಕು ಗೊಂಬೆಗಳನ್ನು ತಂದು ನಿಲ್ಲಿಸಿದ ಮಗುವಿನ ಕಣ್ಣಿಗೆ ಪ್ರತಿದಿನ ಬೀಳುವುದು ಇನ್ನೂ ಬಾರದ ಎಂಟು. 1978ರಲ್ಲಿ ಅಂಗಡಿಗೆ ಬಂದ ಮೊದಲ ಗೊಂಬೆಗಳ ಸಾಲಿನಲ್ಲಿ ಇದ್ದದ್ದು ಆ ಹನ್ನೆರಡೇ. ಒಂದು ಸಲ ಕೊಳ್ಳುವ ಗಿರಾಕಿಗೂ ಕೂಡಿಡುವ ಗಿರಾಕಿಗೂ ನಡುವಿನ ಅಂತರವನ್ನು ಕೆನ್ನರ್ ಮಾರಾಟ ಆರಂಭವಾಗುವ ಮೊದಲೇ ಯೋಚಿಸಿತ್ತು.

ಫಲಿತಾಂಶದ ಬಗ್ಗೆ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಬೇಕು. ಕೊಟ್ಟ ಮಾತಿನಂತೆ 1978ರಲ್ಲಿ ಗೊಂಬೆಗಳು ಬಿಳಿಯ ಪುಟ್ಟ ಪೆಟ್ಟಿಗೆಯಲ್ಲಿ ಮನೆಗಳನ್ನು ತಲುಪಿದವು. ಆ ವರ್ಷದ ಕೊನೆಯ ಹೊತ್ತಿಗೆ ಕೆನ್ನರ್ 4 ಕೋಟಿಗೂ ಹೆಚ್ಚು ಗೊಂಬೆಗಳನ್ನು ಮಾರಿತ್ತು, ವಹಿವಾಟು 10 ಕೋಟಿ ಡಾಲರ್ ದಾಟಿತ್ತು. ಆದರೆ ಲಕೋಟೆಗಳು ಎಲ್ಲ ಕಡೆಯೂ ಖರ್ಚಾಗಲಿಲ್ಲ. ಖಾಲಿ ಡಬ್ಬಿಯನ್ನು ಮಾರುವುದು ಹೇಗೆ ಎಂದು ಹಿಂಜರಿದ ಅಂಗಡಿಗಳಿದ್ದವು, ಉಳಿದುಹೋದ ಲಕೋಟೆಗಳೂ ಇದ್ದವು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಮೊದಲನೆಯ ಸಂಗತಿಯನ್ನು ವಿಸ್ತಾರವಾಗಿ ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಉಳಿದ ಲಕೋಟೆಯೂ ಮಾರಾಟವಾದ ಲಕೋಟೆಯಷ್ಟೇ ಮಾಹಿತಿ ಕೊಡುತ್ತದೆ. ಒಂದು ದೊಡ್ಡ ಗುಂಪಿಗೆ ಗೊಂಬೆ ಬೇಕಿತ್ತು, ಆದರೆ ಗೊಂಬೆಯ ಭರವಸೆ ಬೇಕಿರಲಿಲ್ಲ. ಆಮೇಲೆ 4 ಕೋಟಿಯ ಲೆಕ್ಕವನ್ನು ತುಂಬಿದ್ದು ಆ ಗುಂಪು ಎಂದು ಧಾರಾಳವಾಗಿ ಊಹಿಸಬಹುದು. ಹಾಗಾದರೆ ಮುಂಗಡ ಬುಕಿಂಗ್ ತೋರಿಸಿದ್ದು ಬೇಡಿಕೆಯ ತಳವನ್ನು, ತುದಿಯನ್ನಲ್ಲ. ಮುಂಗಡ ಬಂದ ಸಂಖ್ಯೆಯನ್ನು ನೋಡಿ ‘ಇಷ್ಟೇ ಜನ’ ಎಂದು ಕೈಬಿಡುವವರೂ, ಅದನ್ನೇ ಹತ್ತರಿಂದ ಗುಣಿಸಿ ಸಾಲ ತೆಗೆಯುವವರೂ ಇದನ್ನು ನೆನಪಿಡಬೇಕು.

ಪರೀಕ್ಷೆಯೆಂದು ನೋಡಿದರೆ ಈ ಯೋಜನೆಯಲ್ಲಿ ಕೊರತೆಗಳೂ ಇದ್ದವು. ನಾಲ್ಕು ಗೊಂಬೆಗಳನ್ನು ಒಟ್ಟಿಗೆ ಕಟ್ಟಿ ಮಾರಿದ್ದರಿಂದ ಯಾವ ಪಾತ್ರಕ್ಕೆ ಎಷ್ಟು ಬೇಡಿಕೆ ಎಂಬುದು ತಿಳಿಯಲು ದಾರಿಯೇ ಇರಲಿಲ್ಲ. ಎಲ್ಲರ ಕಣ್ಣು ಸೆಳೆದಿದ್ದ ಖಳನಾಯಕ ಡಾರ್ತ್ ವೇಡರ್ ಆ ನಾಲ್ವರಲ್ಲಿ ಇರಲಿಲ್ಲ. ಕೊಂಡವರಲ್ಲಿ ಅಭಿಮಾನಿ ಮಗು ಯಾರು, ಕ್ರಿಸ್‌ಮಸ್‌ಗೆ ಏನಾದರೂ ಕೊಡಲೇಬೇಕಾಗಿದ್ದ ಚಿಕ್ಕಪ್ಪ ಯಾರು ಎಂದು ಬೇರ್ಪಡಿಸುವಂತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಲಕೋಟೆ ಸೋತಿದ್ದರೆ ಗೊಂಬೆ ಮಾಡುವುದನ್ನು ನಿಲ್ಲಿಸುತ್ತೇವೆ ಎಂಬ ಷರತ್ತು ಇರಲಿಲ್ಲ. ಗೊಂಬೆಗಳ ಕೆಲಸ ಆಗಲೇ ನಡೆದಿತ್ತು. ‘ಇಲ್ಲ’ ಎಂಬ ಉತ್ತರ ಬಂದರೂ ನಿರ್ಧಾರ ಬದಲಾಗದಿದ್ದರೆ ಅದು ಪೂರ್ಣವಾದ ಪರೀಕ್ಷೆಯಾಗುವುದಿಲ್ಲ.

ಆ ಷರತ್ತನ್ನು ಹಾಕಿ ನೋಡುವ ಕೆಲಸ ನಲವತ್ತು ವರ್ಷಗಳ ನಂತರ ಅದೇ ವಂಶದಲ್ಲಿ ನಡೆಯಿತು. 1991ರಲ್ಲಿ ಕೆನ್ನರ್ ಹಾಸ್‌ಬ್ರೋ ಎಂಬ ಆಟಿಕೆ ಕಂಪನಿಯ ಪಾಲಾಗಿತ್ತು. 2018ರಲ್ಲಿ ಹಾಸ್‌ಬ್ರೋ ‘ಹ್ಯಾಸ್‌ಲ್ಯಾಬ್’ ಎಂಬ ಹೆಸರಿನಲ್ಲಿ ಅಭಿಮಾನಿಗಳ ಮುಂದೆ ಒಂದು ಪ್ರಸ್ತಾವ ಇಟ್ಟಿತು. 1983ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ಬರುವ ಜಬ್ಬಾ ಎಂಬ ಖಳನ ಮರಳುಗಾಡಿನ ನೌಕೆಯನ್ನು ಸುಮಾರು ನಾಲ್ಕು ಅಡಿ ಉದ್ದಕ್ಕೆ ಮಾಡುತ್ತೇವೆ, ಬೆಲೆ 500 ಡಾಲರ್, 5,000 ಜನ ಮುಂದೆ ಬಂದರೆ ಮಾತ್ರ ತಯಾರಿಕೆ, ಇಲ್ಲದಿದ್ದರೆ ಇಲ್ಲ. ಗಡುವು ಮುಗಿದಾಗ 8,810 ಜನ ಒಪ್ಪಿಕೊಂಡಿದ್ದರು. ಆ ನೌಕೆಯ ಅಳತೆಯನ್ನು ನಿಗದಿ ಮಾಡಿದ್ದು 1977ರ ಮೂರೂಮುಕ್ಕಾಲು ಇಂಚಿನ ಗೊಂಬೆಗಳಿಗೆ ಹೊಂದುವಂತೆ. 1980ರ ದಶಕದಲ್ಲಿ ಕೆನ್ನರ್ ಎಂದೂ ಮಾಡದೆ ಬಿಟ್ಟಿದ್ದ ವಸ್ತು ಅದು. 2020ರಲ್ಲಿ ಇದೇ ಅಳತೆಯ ಇನ್ನೊಂದು ನೌಕೆಗೆ 6,000 ಜನ ಬೇಕಾಗಿದ್ದಲ್ಲಿ 28,000ಕ್ಕೂ ಹೆಚ್ಚು ಜನ ಬಂದರು.

ಆದರೆ 2021ರ ಕೊನೆಯಲ್ಲಿ ರ‍್ಯಾಂಕರ್ ಎಂಬ ದೈತ್ಯ ಪ್ರಾಣಿಯ ಗೊಂಬೆಗೆ ಸುಮಾರು 350 ಡಾಲರ್ ಬೆಲೆಯಿಟ್ಟು 9,000 ಜನರನ್ನು ಕೇಳಿದಾಗ ಗಡುವಿನೊಳಗೆ ಅಷ್ಟು ಜನ ಸೇರಲಿಲ್ಲ. ಬೆಲೆಗೆ ತಕ್ಕಷ್ಟು ಸಿಗುತ್ತಿಲ್ಲ ಎಂಬ ಅಸಮಾಧಾನ ಸಂಗ್ರಾಹಕರಲ್ಲಿ ಇತ್ತು. ನನಗೆ ಕಾಣುವ ಇನ್ನೊಂದು ಕಾರಣ ಹೀಗಿದೆ. ಈ ಗೊಂಬೆಯನ್ನು ಮಾಡಲು ಹೊರಟದ್ದು ಆರು ಇಂಚಿನ ಗೊಂಬೆಗಳ ಸಾಲಿಗಾಗಿ. ಹಳೆಯ ಅಳತೆಯಲ್ಲಿ ರ‍್ಯಾಂಕರ್ 1980ರ ದಶಕದಲ್ಲೇ ಬಂದುಹೋಗಿತ್ತು. ಚಿಕ್ಕಂದಿನಿಂದ ತುಂಬದೆ ಉಳಿದ ಒಂದು ಜಾಗವನ್ನು ತುಂಬಿಕೊಳ್ಳುವ ಆಸೆಗೂ, ಇರುವುದನ್ನೇ ದೊಡ್ಡದಾಗಿ ಇನ್ನೊಮ್ಮೆ ಕೊಳ್ಳುವ ಆಸೆಗೂ ತೀವ್ರತೆಯಲ್ಲಿ ವ್ಯತ್ಯಾಸವಿರುತ್ತದೆ. ಅದೇ ಚಿತ್ರಮಾಲೆ, ಅದೇ ಕಂಪನಿ, ಅದೇ ಬಗೆಯ ಅಭಿಮಾನಿಗಳು ಇದ್ದರೂ ಉತ್ತರ ಬೇರೆ ಬಂತು. ಗೊಂಬೆ ತಯಾರಾಗಲಿಲ್ಲ, ಗೋದಾಮಿನಲ್ಲಿ ಸರಕು ಕೊಳೆಯಲಿಲ್ಲ, ಮುಂದೆ ಬಂದವರು ಯಾರೂ ಹಣ ಕಳೆದುಕೊಳ್ಳಲಿಲ್ಲ. ಇದನ್ನು ಸೋಲೆಂದು ಬರೆದವರೊಂದಿಗೆ ನನ್ನ ಒಪ್ಪಿಗೆಯಿಲ್ಲ; ಪರೀಕ್ಷೆ ತನ್ನ ಕೆಲಸವನ್ನು ಸರಿಯಾಗಿ ಮಾಡಿತ್ತು.

ಬೇಡಿಕೆಯನ್ನು ಅಳೆಯದೆ ಹೋದರೆ ನಷ್ಟವಾಗುವುದು ಸರಕು ಮಾಡುವವನಿಗೆ ಮಾತ್ರವಲ್ಲ. 1963ರಲ್ಲಿ ಬೀಟಲ್ಸ್ ಎಂಬ ಬ್ರಿಟಿಷ್ ಸಂಗೀತ ತಂಡದ ವ್ಯವಸ್ಥಾಪಕ ಬ್ರಯಾನ್ ಎಪ್‌ಸ್ಟೈನ್ ಅವರ ಪರವಾಗಿ ವಕೀಲರು ತಂಡದ ಹೆಸರಿನ ಸರಕುಗಳ ಹಕ್ಕನ್ನು ಸೆಲ್ಟೇಬ್ ಎಂಬ ಕಂಪನಿಗೆ ಕೊಟ್ಟಾಗ, ಬರುವ ಆದಾಯದಲ್ಲಿ ನೂರಕ್ಕೆ 90 ಪಾಲು ಆ ಕಂಪನಿಗೆ, 10 ಪಾಲು ತಂಡದ ಕಡೆಗೆ ಎಂದು ಒಪ್ಪಿಕೊಂಡಿದ್ದರು. ಮರುವರ್ಷ ಅಮೆರಿಕದಲ್ಲಿ ಬೀಟಲ್ಸ್ ವಿಗ್ಗುಗಳಿಗೂ ಗೊಂಬೆಗಳಿಗೂ ಜನ ಮುಗಿಬಿದ್ದಾಗಲೇ ಬಿಟ್ಟುಕೊಟ್ಟದ್ದು ಎಷ್ಟೆಂದು ಅವರಿಗೆ ತಿಳಿದದ್ದು. ಆಮೇಲೆ ನಡೆದ ಮೊಕದ್ದಮೆಗಳು ವ್ಯಾಪಾರವನ್ನೇ ಕುಂಠಿತಗೊಳಿಸಿದವು.

ನಮ್ಮಲ್ಲಿ ಇದನ್ನು ಅನ್ವಯಿಸಲು ಬಯಸುವವರಿಗೆ ಮೊದಲು ಹೇಳಬೇಕಾದದ್ದು ಹಕ್ಕಿನ ವಿಷಯ. ಕೆನ್ನರ್ ಭರವಸೆಯನ್ನು ಮಾರುವ ಮೊದಲು ಲೈಸೆನ್ಸ್ ಪಡೆದಿತ್ತು. ಸುಮ್ಮನೆ ಪರೀಕ್ಷೆಗೆಂದು ಇಪ್ಪತ್ತು ಟೀ-ಶರ್ಟು ಮಾಡುತ್ತೇನೆ ಎಂದುಕೊಂಡು ನಟನ ಮುಖವನ್ನೋ ತಂಡದ ಲಾಂಛನವನ್ನೋ ಅಚ್ಚು ಹಾಕಿದರೆ ಸಂಖ್ಯೆ ಚಿಕ್ಕದಾದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಗಾಯಕ ದಲೇರ್ ಮೆಹಂದಿ ಅವರನ್ನು ಹೋಲುವ, ಅವರ ಹಾಡಿನ ಸಾಲುಗಳನ್ನು ಹಾಡುವ ಗೊಂಬೆಗಳನ್ನು ಅನುಮತಿಯಿಲ್ಲದೆ ಮಾರಿದ ಅಂಗಡಿಗಳ ವಿರುದ್ಧ ದೆಹಲಿ ಹೈಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿದೆ. ಪ್ರಸಿದ್ಧ ವ್ಯಕ್ತಿಯ ರೂಪ ಮತ್ತು ದನಿಯಿಂದ ಹಣ ಮಾಡಿಕೊಳ್ಳುವ ಹಕ್ಕು ಆ ವ್ಯಕ್ತಿಯದು ಎಂಬುದು ಅದರ ತಿರುಳು. ಲೈಸೆನ್ಸ್ ಕೇಳಲು ಹೋಗುವವರಿಗೂ ಬೇಡಿಕೆಯ ಪುರಾವೆ ಬೇಕಾಗುತ್ತದೆ, ಪುರಾವೆ ಮಾಡಲು ಲೈಸೆನ್ಸ್ ಬೇಕಾಗುತ್ತದೆ. ಈ ಗಂಟನ್ನು ಬಿಡಿಸಿಕೊಳ್ಳಲು ನನಗೆ ತಿಳಿದ ಪ್ರಾಮಾಣಿಕ ದಾರಿ ಒಂದೇ: ಯಾರ ಹೆಸರೂ ಮುಖವೂ ಲಾಂಛನವೂ ಇಲ್ಲದ, ಊರಿನ, ಭಾಷೆಯ, ಆಟದ ಪ್ರೀತಿಯನ್ನು ಹೇಳುವ ಸ್ವಂತ ವಿನ್ಯಾಸವನ್ನು ಮುಂಗಡ ಹಣ ಪಡೆದು ಮಾರಿ ನೋಡುವುದು, ಬಂದ ಲೆಕ್ಕವನ್ನು ಹಿಡಿದುಕೊಂಡು ಹಕ್ಕಿನ ಒಡೆಯರ ಬಳಿಗೆ ಹೋಗುವುದು.

ಟೀ-ಶರ್ಟಿನಲ್ಲಿ ಉಕ್ಕಿನ ಅಚ್ಚಿನಂಥ ಖರ್ಚು ಇಲ್ಲ ಎಂದು ಧೈರ್ಯ ತಂದುಕೊಳ್ಳುವವರಿದ್ದಾರೆ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್ ಮಾಡಬೇಕು, ಆದ್ದರಿಂದ ಹತ್ತು ಅಂಗಿಗೆ ಅದು ದುಬಾರಿ, ಐನೂರಕ್ಕೆ ಅಗ್ಗ. ಕಂಪ್ಯೂಟರಿನಿಂದ ನೇರವಾಗಿ ಮುದ್ರಿಸುವ ವಿಧಾನಗಳಲ್ಲಿ ಒಂದೇ ಅಂಗಿಯನ್ನೂ ಮಾಡಿಸಬಹುದು, ಬಿಡಿ ಬೆಲೆ ಮಾತ್ರ ಹೆಚ್ಚು. ಪರೀಕ್ಷೆಯ ಹಂತದಲ್ಲಿ ಆ ಹೆಚ್ಚಿನ ಬೆಲೆಯನ್ನು ಕೊಡುವುದೇ ಸರಿ. ಈ ವ್ಯಾಪಾರದಲ್ಲಿ ಬಂಡವಾಳ ಸಿಕ್ಕಿಕೊಳ್ಳುವುದು ಸೈಜುಗಳಲ್ಲಿ. ಸ್ಮಾಲ್‌ನಿಂದ ಡಬಲ್ ಎಕ್ಸ್‌ಎಲ್‌ವರೆಗೆ ಎಲ್ಲವನ್ನೂ ಸಮವಾಗಿ ಮಾಡಿಸಿ ಇಟ್ಟರೆ ನಡುವಿನ ಸೈಜುಗಳು ಮೊದಲು ಮುಗಿಯುತ್ತವೆ, ಎರಡು ತುದಿಯವು ಪೆಟ್ಟಿಗೆಯಲ್ಲಿ ಉಳಿಯುತ್ತವೆ. ಹಣ ಕೊಟ್ಟು ಮುಂಗಡ ಬುಕ್ ಮಾಡುವ ಗಿರಾಕಿ ತನ್ನ ಸೈಜನ್ನೂ, ಇಷ್ಟವಾದ ವಿನ್ಯಾಸವನ್ನೂ, ಊರನ್ನೂ ತಾನಾಗಿಯೇ ಬರೆದುಕೊಡುತ್ತಾನೆ. ಕೆನ್ನರ್‌ನ ನಾಲ್ಕು ಗೊಂಬೆಯ ಕಟ್ಟು ಹೇಳದೆ ಬಿಟ್ಟ ಮಾಹಿತಿಯೂ ಇದೇ ಬಗೆಯದು.

ಕಾಲದ ವಿಷಯದಲ್ಲಿ ನಮ್ಮ ಕ್ರಿಸ್‌ಮಸ್ ನವೆಂಬರ್ 1. ರಾಜ್ಯೋತ್ಸವಕ್ಕೆ ಕೆಂಪು ಹಳದಿ ಅಂಗಿ, ಶಾಲು ಕೊಳ್ಳುವವರು ನವೆಂಬರ್ ಎರಡನೆಯ ವಾರದಲ್ಲಿ ಅದೇ ಉತ್ಸಾಹದಿಂದ ಕೊಳ್ಳುವುದಿಲ್ಲ. ಕ್ರಿಕೆಟ್ಟಿನಲ್ಲಿ ಇನ್ನೂ ಕಷ್ಟ, ಅಲ್ಲಿ ಬೇಡಿಕೆ ಒಂದು ರಾತ್ರಿಯಲ್ಲಿ ಹುಟ್ಟುತ್ತದೆ ಅಥವಾ ಸಾಯುತ್ತದೆ. ಬೆಂಗಳೂರಿನ ತಂಡ ಹದಿನೆಂಟನೆಯ ಆವೃತ್ತಿಯಲ್ಲಿ, 2025ರ ಜೂನ್ 3ರಂದು ಮೊದಲ ಸಲ ಐಪಿಎಲ್ ಗೆದ್ದಾಗ ಮೂಡಿದ ಸಂಭ್ರಮವನ್ನು ಆಧರಿಸಿ ಮುಂದಿನ ಹನ್ನೆರಡು ತಿಂಗಳ ಮಾರಾಟವನ್ನು ಲೆಕ್ಕ ಹಾಕುವುದು ಅಪಾಯ. ಪರೀಕ್ಷೆಯನ್ನು ಎರಡು ಸಲ ಮಾಡಬೇಕು, ಒಮ್ಮೆ ಸಂಭ್ರಮದ ವಾರದಲ್ಲಿ, ಇನ್ನೊಮ್ಮೆ ಯಾವ ಪಂದ್ಯವೂ ಇಲ್ಲದ ತಿಂಗಳಲ್ಲಿ. ಎರಡನೆಯ ಸಲ ಬಂದ ಸಂಖ್ಯೆಯೇ ಬಾಡಿಗೆ ಕಟ್ಟಲು ಆಗುವ ವ್ಯಾಪಾರ. ಕೆನ್ನರ್ ಒಂದರಿಂದ ಐದು ತಿಂಗಳ ಕಾಯುವಿಕೆಯನ್ನು ಬೇಡಿದಾಗ, ತನಗೆ ತಿಳಿಯದೆಯೇ ಈ ಎರಡನೆಯ ಅಳತೆಯನ್ನೂ ಒಂದಿಷ್ಟು ತೆಗೆದುಕೊಂಡಿತ್ತು.

2005ರಲ್ಲಿ ಹಾಸ್‌ಬ್ರೋ ಆ ಹಳೆಯ ಲಕೋಟೆಯನ್ನು ಮತ್ತೆ ಅಚ್ಚು ಹಾಕಿಸಿ ವಾಲ್‌ಮಾರ್ಟ್ ಅಂಗಡಿಗಳಲ್ಲಿ ಮಾರಿತು. ಆಗ ಗೊಂಬೆಗಳನ್ನು ಸಮಯಕ್ಕೆ ತಯಾರಿಸಲಾಗದ ಯಾವ ಇಕ್ಕಟ್ಟೂ ಇರಲಿಲ್ಲ. ಆದರೂ ಪ್ರಮಾಣಪತ್ರವನ್ನು ತುಂಬಿ ಅಂಚೆಗೆ ಹಾಕಿ ನಾಲ್ಕು ಗೊಂಬೆಗಳಿಗಾಗಿ ಕಾಯುವ ವ್ಯವಸ್ಥೆಯನ್ನು ಹಾಗೆಯೇ ಉಳಿಸಿಕೊಂಡಿದ್ದರು.